ಗಣಕದೊಳಗಣ ಗಣಕಗಳನ್ನು ಕಾಪಾಡುವ ಬಗೆ

೨೦೨೫ನೆಯ ಇಸವಿ ಸೆಪ್ಟೆಂಬರ್ ೨೬ರಂದು ದಕ್ಷಿಣ ಕೊರಿಯಾ ದೇಶದ ಡೇಜಾನ್ ನಗರದಲ್ಲಿ ಸರಕಾರದ ಮಾಹಿತಿ ಕೇಂದ್ರವೊಂದಕ್ಕೆ ಬೆಂಕಿ ಬಿದ್ದಿತು. ಸರಕಾರಿ ನೌಕರರು ತಮ್ಮ ಕಡತಗಳನ್ನು ಇರಿಸಿದ್ದ ‘ಜಿ-ಡ್ರೈವ್’ ಎಂಬ ಸಂಗ್ರಹವು ಅದರಲ್ಲಿ ನಾಶವಾಯಿತು. ನಷ್ಟವಾದ ಮಾಹಿತಿಯ ಮೊತ್ತ ೮೫೮ ಟೆರಾಬೈಟ್. ಸಂಗ್ರಹವು ಅತಿ ದೊಡ್ಡದಾದುದರಿಂದ ಅದರ ನಕಲನ್ನು ಹೊರಗೆಲ್ಲಿಯೂ ಇಟ್ಟಿರಲಿಲ್ಲವೆಂದು ಕಾರಣ ಹೇಳಲಾಯಿತು. ಹಾಗಾದರೆ ದೊಡ್ಡ ಸಂಗ್ರಹವನ್ನು ಅಲ್ಪ ಕಾಲದಲ್ಲಿ, ಅಲ್ಪ ಸ್ಥಳದಲ್ಲಿ ನಕಲು ಮಾಡಿಡುವ ಉಪಾಯವಿಲ್ಲವೆ? ಉಂಟು. ವರ್ಚುಯಲ್ ಯಂತ್ರಗಳ ಉದಾಹರಣೆಯಿಂದ ಅದನ್ನು ವಿಚಾರಮಾಡೋಣ.

ವರ್ಚುಯಲ್ ಯಂತ್ರವೆಂದರೇನು?

ಒಂದೇ ಗಣಕಯಂತ್ರವು ಹಲವು ಗಣಕಗಳಂತೆ ವರ್ತಿಸುವ ಹಾಗೆ ಮಾಡುವ ತಂತ್ರಾಂಶವೊಂದುಂಟು; ಇದಕ್ಕೆ ಹೈಪರ್‌ವೈಸರ್ ಎಂದು ಹೆಸರು. ಅದು ನಿರ್ಮಿಸುವ ಒಂದೊಂದು ತೋರಿಕೆಯ ಗಣಕವೂ ಒಂದು ವರ್ಚುಯಲ್ ಯಂತ್ರ. ಐಬಿಎಂ ಸಂಸ್ಥೆಯು ೧೯೬೦ರ ದಶಕದಲ್ಲಿ ಈ ಪ್ರಯೋಗವನ್ನು ನಡೆಸಿ, ೧೯೭೨ರಲ್ಲಿ ವಿಎಂ/೩೭೦ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ೧೯೯೯ರಲ್ಲಿ ವಿಎಂವೇರ್ ಸಂಸ್ಥೆಯು ಈ ಸೌಕರ್ಯವನ್ನು ಮೇಜಿನ ಮೇಲಣ ಸಾಮಾನ್ಯ ಗಣಕಗಳಿಗೂ ತಂದುಕೊಟ್ಟಿತು.

ವರ್ಚುಯಲ್ ಯಂತ್ರವು ತನ್ನ ಡಿಸ್ಕ್ ಎಂದು ಭಾವಿಸುವುದು ಸಾಮಾನ್ಯವಾಗಿ ಆಶ್ರಯ ಗಣಕದಲ್ಲಿರುವ ಒಂದು ದೊಡ್ಡ ಕಡತವಷ್ಟೆ. ಇದರಿಂದ ಲಾಭವೂ ಅಪಾಯವೂ ಉಂಟು. ಆ ಕಡತವನ್ನೂ ಯಂತ್ರದ ವಿವರಗಳನ್ನೂ ನಕಲು ಮಾಡಿದರೆ ಇಡೀ ಯಂತ್ರವನ್ನೇ ನಕಲು ಮಾಡಿದಂತಾಗುತ್ತದೆ, ಇದು ಲಾಭ. ಆಶ್ರಯ ಗಣಕದ ಡಿಸ್ಕ್ ಒಂದು ಕೆಟ್ಟರೆ ಅದನ್ನು ನೆಮ್ಮಿದ ಯಂತ್ರಗಳೆಲ್ಲವೂ ಒಮ್ಮೆಗೇ ಕೆಡುತ್ತವೆ; ಇದು ಅಪಾಯ.

ಮೊದಲು ಲೆಕ್ಕ

ಒಂದು ಕಾಲೇಜಿನಲ್ಲಿ ೧೦೦ ಗಿಗಾಬೈಟ್ ಗಾತ್ರದ ೨೦ ವರ್ಚುಯಲ್ ಯಂತ್ರಗಳಿವೆಯೆಂದು ಊಹಿಸಿಕೊಳ್ಳಿ. ಒಟ್ಟು ೨,೦೦೦ ಗಿಗಾಬೈಟ್. ಒಂದು ಗಿಗಾಬಿಟ್ ವೇಗದ ಜಾಲವು ಸೆಕೆಂಡಿಗೆ ಹೆಚ್ಚೆಂದರೆ ೧೨೫ ಮೆಗಾಬೈಟ್ ಸಾಗಿಸಬಲ್ಲುದು. ಆದ್ದರಿಂದ ಪೂರ್ಣ ನಕಲಿಗೆ ೧೬,೦೦೦ ಸೆಕೆಂಡು, ಎಂದರೆ ಸುಮಾರು ನಾಲ್ಕೂವರೆ ಗಂಟೆ ಬೇಕು. ವಾರವಿಡೀ ದಿನವೂ ಹೀಗೆಯೇ ಮಾಡಿದರೆ ೧೪,೦೦೦ ಗಿಗಾಬೈಟ್ ಸ್ಥಳ ಬೇಕಾಗುತ್ತದೆ. ಆದರೆ ಒಂದು ದಿನದಲ್ಲಿ ಬದಲಾಗುವ ಮಾಹಿತಿಯು ನೂರಕ್ಕೆ ಮೂರರಷ್ಟೇ ಎಂದಿಟ್ಟುಕೊಂಡರೆ, ಹೊಸದಾಗಿ ನಕಲಾಗಬೇಕಾದುದು ೬೦ ಗಿಗಾಬೈಟ್ ಮಾತ್ರ. ಅದಕ್ಕೆ ಎಂಟು ನಿಮಿಷ ಸಾಕು!

ಕಿರ್ದಿಯ ಉಪಾಯ

ಅಂಗಡಿಯವನು ದಿನದ ವ್ಯವಹಾರವನ್ನು ಕಿರ್ದಿಯಲ್ಲಿ ಬರೆಯುತ್ತಾನೆಯೇ ಹೊರತು ಹಳೆಯ ಲೆಕ್ಕವನ್ನೆಲ್ಲ ದಿನವೂ ತಿದ್ದಿ ಬರೆಯುವುದಿಲ್ಲ. ಇಲ್ಲಿಯೂ ಅದೇ ನ್ಯಾಯ. ಮೊದಲ ದಿನ ಪೂರ್ಣ ನಕಲು. ಅನಂತರ ಬದಲಾದ ಭಾಗ ಮಾತ್ರ. ಮೇಲಿನ ಕಾಲೇಜಿಗೆ ಆಗ ವಾರಕ್ಕೆ ೨,೩೬೦ ಗಿಗಾಬೈಟ್ ಸಾಕು.

ಬದಲಾದ ಭಾಗವನ್ನು ತಿಳಿಯುವುದು ಹೇಗೆ? ಡಿಸ್ಕಿಗೆ ಹೋಗುವ ಬರೆಹವೆಲ್ಲ ಹೈಪರ್‌ವೈಸರಿನ ಮೂಲಕವೇ ಸಾಗುವುದರಿಂದ ಅದು ಗುರುತು ಹಾಕಿಕೊಳ್ಳಬಲ್ಲುದು. ಡಿಸ್ಕನ್ನು ೬೪ ಕಿಲೋಬೈಟಿನ ಖಂಡಗಳಾಗಿ ವಿಭಾಗಿಸಿ, ಖಂಡಕ್ಕೊಂದು ಬಿಟ್‌ನಂತೆ ಮೀಸಲಿಟ್ಟರೆ, ೧೦೦ ಗಿಗಾಬೈಟಿನ ಡಿಸ್ಕಿನ ಗುರುತುಪಟ್ಟಿಗೆ ಸುಮಾರು ೨೦೦ ಕಿಲೋಬೈಟ್ ಸಾಕು. ನಕಲು ಮಾಡುವಾಗ ಈ ಪಟ್ಟಿಯನ್ನು ನೋಡಿದರಾಯಿತು. ಇಡೀ ಡಿಸ್ಕನ್ನು ಓದಬೇಕಾಗಿಲ್ಲ.

ಆದರೆ ಈ ದಿನವಹಿ ನಕಲುಗಳು ಸರಪಳಿಯ ಕೊಂಡಿಗಳಂತೆ. ನಡುವಣ ಒಂದು ಕೊಂಡಿ ಕಳಚಿದರೆ ಅದರ ಮುಂದಿನವೆಲ್ಲ ನಿರುಪಯುಕ್ತ. ಆದುದರಿಂದ ಆಗಾಗ ಹೊಸದೊಂದು ಪೂರ್ಣ ನಕಲನ್ನು ಸಿದ್ಧಪಡಿಸಿಕೊಳ್ಳತಕ್ಕದ್ದು.

ಓಡುವ ಯಂತ್ರದ ಚಿತ್ರ

ನಕಲಾಗುತ್ತಿರುವಾಗಲೂ ಯಂತ್ರವು ಕೆಲಸಮಾಡುತ್ತಲೇ ಇರುತ್ತದೆ. ಗ್ರಂಥಾಲಯದ ಲೆಕ್ಕದಲ್ಲಿ ಪುಸ್ತಕವು ಹೊರಹೋದ ಸಂಗತಿ ಒಂದು ಕಡೆ, ಪಡೆದವರ ಹೆಸರು ಇನ್ನೊಂದು ಕಡೆ ದಾಖಲಾಗುತ್ತದೆ. ಇವೆರಡನ್ನೂ ಬೇರೆ ಬೇರೆ ಕಾಲದಲ್ಲಿ ನಕಲು ಮಾಡಿದರೆ ಲೆಕ್ಕ ಹೊಂದುವುದಿಲ್ಲ. ಇದಕ್ಕೆ ಪರಿಹಾರವೇ ಸ್ನ್ಯಾಪ್‌ಷಾಟ್: ಡಿಸ್ಕಿನ ಆ ಕ್ಷಣದ ಸ್ಥಿತಿಯನ್ನು ಹಾಗೆಯೇ ನಿಲ್ಲಿಸಿ, ಮುಂದಿನ ಬದಲಾವಣೆಗಳನ್ನು ಪ್ರತ್ಯೇಕವಾಗಿಡುವ ಏರ್ಪಾಡು. ಅದಕ್ಕೆ ಮುನ್ನ ಸ್ಮೃತಿಯಲ್ಲಿ ಉಳಿದಿರುವ ಬರೆಹವನ್ನು ಡಿಸ್ಕಿಗೆ ಇಳಿಸುವಂತೆ ಯಂತ್ರದೊಳಗಣ ತಂತ್ರಾಂಶಗಳಿಗೆ ಸೂಚನೆ ಕೊಡಬೇಕು.

ಸ್ನ್ಯಾಪ್‌ಷಾಟನ್ನೇ ಬ್ಯಾಕಪ್ ಎಂದು ಭ್ರಮಿಸಕೂಡದು. ಅದು ಸಾಮಾನ್ಯವಾಗಿ ಮೂಲ ಡಿಸ್ಕನ್ನೇ ಆಶ್ರಯಿಸಿರುತ್ತದೆ; ಮೂಲ ಹೋದರೆ ಅದೂ ಹೋಯಿತು. ನಕಲು ಮುಗಿದೊಡನೆ ಅದನ್ನು ತೆಗೆದುಹಾಕದಿದ್ದರೆ ದಿನೇ ದಿನೇ ಬೆಳೆದು ಸ್ಥಳವನ್ನು ನುಂಗುತ್ತದೆ.

ಒಂದೇ ತೆರನಾದ ಖಂಡಗಳು

ಇಪ್ಪತ್ತು ಯಂತ್ರಗಳಲ್ಲಿಯೂ ಒಂದೇ ಕಾರ್ಯಾಚರಣ ವ್ಯವಸ್ಥೆಯಿದ್ದರೆ, ಅದನ್ನು ಇಪ್ಪತ್ತು ಸಲ ಏಕೆ ಸಂಗ್ರಹಿಸಬೇಕು? ಎಸ್‌ಎಚ್‌ಎ-೨೫೬ ಎಂಬ ಗಣಿತ ವಿಧಾನವು ಪ್ರತಿಯೊಂದು ಖಂಡಕ್ಕೂ ೨೫೬ ಬಿಟ್ಟುಗಳ ಬೆರಳಚ್ಚಿನಂತಹ ಗುರುತನ್ನು ಕೊಡುತ್ತದೆ. ಗುರುತು ಒಂದೇ ಆದರೆ ಖಂಡವನ್ನು ಒಮ್ಮೆ ಮಾತ್ರ ಇಟ್ಟರೆ ಸಾಕು. ಯಂತ್ರವೊಂದರಲ್ಲಿ ೨೦ ಗಿಗಾಬೈಟಿನಷ್ಟು ಭಾಗ ಸಮಾನವಾಗಿದ್ದರೆ, ೪೦೦ ಗಿಗಾಬೈಟಿನ ಬದಲು ೨೦ರಲ್ಲಿಯೇ ಕೆಲಸ ಪೂರೈಸುತ್ತದೆ. ಆದರೆ ಆ ಒಂದು ಪ್ರತಿ ಕೆಟ್ಟರೆ ಎಲ್ಲ ಯಂತ್ರಗಳಿಗೂ ಹಾನಿ. ಆದ್ದರಿಂದ ಗುರುತುಗಳನ್ನು ಆಗಾಗ ತಾಳೆನೋಡುತ್ತಿರಬೇಕು.

ಎಲ್ಲಿಡಬೇಕು? ಹೇಗೆ ನಂಬಬೇಕು?

ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಪ್ರತಿ ಬೇರೆ ಊರಿನಲ್ಲಿ—ಇದು ಪ್ರಸಿದ್ಧವಾದ ೩-೨-೧ ಸೂತ್ರ. ೨೦೨೧ರ ಮಾರ್ಚ್ ೧೦ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ಮಾಹಿತಿ ಕೇಂದ್ರ ಸುಟ್ಟಾಗ, ನಕಲನ್ನೂ ಅದೇ ಆವರಣದಲ್ಲಿ ಇರಿಸಿದ್ದ ಕೆಲವು ಗ್ರಾಹಕರು ಎರಡನ್ನೂ ಕಳೆದುಕೊಂಡರು. ಬೆಂಕಿಯಂತೆಯೇ ದುಷ್ಟ ತಂತ್ರಾಂಶಗಳೂ ನಕಲುಗಳನ್ನು ಹುಡುಕಿ ಅಳಿಸುವುದುಂಟು. ಒಂದು ಪ್ರತಿಯಾದರೂ ಜಾಲದಿಂದ ಬೇರ್ಪಟ್ಟಿರಬೇಕು, ಇಲ್ಲವೆ ನಿಯತ ಕಾಲದವರೆಗೆ ಯಾರೂ ತಿದ್ದಲಾರದಂತಿರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಪರೀಕ್ಷೆ. ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಸಂಸ್ಥೆಯ ದತ್ತಸಂಚಯವೊಂದು ಕೈತಪ್ಪಿನಿಂದ ಅಳಿಸಿಹೋಯಿತು. ನಿತ್ಯದ ನಕಲು ಬಹಳ ಮೊದಲೇ ವಿಫಲವಾಗುತ್ತಿದ್ದ ಸಂಗತಿ ಆಗ ಹೊರಬಿದ್ದಿತು. ಸುಮಾರು ಆರು ಗಂಟೆ ಹಿಂದಿನ ಪ್ರತಿಯೊಂದು ದೊರೆತುದರಿಂದ ಉಳಿದುದು ಉಳಿಯಿತು. ಆದುದರಿಂದ ಆಗಾಗ ಒಂದು ಯಂತ್ರವನ್ನು ಪ್ರತ್ಯೇಕ ಜಾಲದಲ್ಲಿ ನಕಲಿನಿಂದ ಎಬ್ಬಿಸಿ, ಅದು ಸರಿಯಾಗಿ ನಡೆಯುವುದೇ, ಎಬ್ಬಿಸಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಬೇಕು. ಹೀಗೆ ಮರಳಿ ಪಡೆದು ನೋಡದ ನಕಲು ಇದ್ದೂ ಇಲ್ಲದಂತೆಯೇ ಸರಿ.

ಅಭ್ಯಾಸ: (೧) ಮೇಲಿನ ಕಾಲೇಜಿನಲ್ಲಿ ದಿನಕ್ಕೆ ನೂರಕ್ಕೆ ಐದರಷ್ಟು ಮಾಹಿತಿ ಬದಲಾದರೆ ವಾರಕ್ಕೆ ಎಷ್ಟು ಸ್ಥಳ ಬೇಕು? (೨) ಭಾನುವಾರ ಪೂರ್ಣ ನಕಲು, ಉಳಿದ ದಿನ ಬದಲಾದ ಭಾಗದ ನಕಲು ನಡೆದಿದೆ. ಬುಧವಾರದ ನಕಲು ಕೆಟ್ಟಿದೆ. ಶುಕ್ರವಾರ ರಾತ್ರಿ ಡಿಸ್ಕ್ ಹಾಳಾದರೆ ಯಾವ ದಿನದ ಸ್ಥಿತಿಯನ್ನು ಮರಳಿ ಪಡೆಯಬಹುದು?