ಎರಡು ಬೇಸ್, ಒಂದು ಲೆಕ್ಕದ ಪುಸ್ತಕ

ನಮ್ಮ ಮನೆಯ 2018ರ ಮಾರ್ಚ್ ತಿಂಗಳ ಖರ್ಚಿನ ಪುಸ್ತಕದಲ್ಲಿ ಹಾಲು, ಬಾಡಿಗೆ, ಸೈಕಲ್ ಟ್ಯೂಬುಗಳ ನಡುವೆ ಒಂದು ಸಾಲಿದೆ: ‘ಬೇಸ್ ಗಿಟಾರ್, 319 ಯೂರೋ’. ಪಕ್ಕದಲ್ಲಿ ಹೆಂಡತಿ ಪೆನ್ಸಿಲ್ಲಿನಲ್ಲಿ ಹಾಕಿದ ಪ್ರಶ್ನಾರ್ಥಕ ಚಿಹ್ನೆ. ಖರ್ಚು ಬರೆದಿಡುವ ಚಾಳಿ ನನಗೆ ಅಪ್ಪನಿಂದ ಬಂದದ್ದು. ಶಿವಮೊಗ್ಗದಲ್ಲಿ ಕ್ಯಾಷಿಯರ್ ಆಗಿದ್ದ ಅವರು ಬೆಂಕಿಪೊಟ್ಟಣ ಕೊಂಡರೂ ಬರೆಯುತ್ತಿದ್ದರು. ಕೆಲಸಕ್ಕೆಂದು ಜರ್ಮನಿಯ ಎರ್ಲಾಂಗೆನ್ ಊರಿಗೆ ಬಂದ ಮೇಲೂ ನನಗೆ ಅದು ಬಿಟ್ಟುಹೋಗಲಿಲ್ಲ.

ಹೆಂಡತಿಯ ಆ ಪ್ರಶ್ನೆಗೆ ಉತ್ತರ ಸಿಗುವ ಹೊತ್ತಿಗೆ ಐದು ವರ್ಷ ಕಳೆದಿತ್ತು. ಅಷ್ಟರಲ್ಲಿ ನಾನು ಒಂದೇ ಕಂಪನಿಯ, ಅವಳಿಗಳಂತೆ ಕಾಣುವ ಎರಡು ಬೇಸ್ ಗಿಟಾರ್ ಕೊಂಡು, ಒಂದನ್ನು ಮಾರಿಯೂ ಆಗಿತ್ತು. ಅಂಗಡಿಯಲ್ಲಿ ಒಂದರ ಬೆಲೆ ಮುನ್ನೂರು ಚಿಲ್ಲರೆ ಯೂರೋ, ಇನ್ನೊಂದರದು ಸುಮಾರು 2,200. ಅಂದಿನ ಲೆಕ್ಕದಲ್ಲಿ ಇಪ್ಪತ್ತೈದು ಸಾವಿರ ರೂಪಾಯಿ ಒಂದು ಕಡೆ, ಒಂದು ಮುಕ್ಕಾಲು ಲಕ್ಷ ಇನ್ನೊಂದು ಕಡೆ. ಹೆಚ್ಚು ಕಡಿಮೆ ಏಳು ಪಟ್ಟು. ಆ ಏಳು ಪಟ್ಟಿನಲ್ಲಿ ಮರವೆಷ್ಟು, ಕೂಲಿಯೆಷ್ಟು, ಹೆಸರೆಷ್ಟು?

ವಾದ್ಯ ಯಾವುದೆಂದು ಮೊದಲು ಹೇಳಿಬಿಡುತ್ತೇನೆ. ಹೋಫ್ನರ್ ಕಂಪನಿಯ 500/1 ಮಾದರಿ. ನಾನು ಕರೆಯುವುದು ‘ಪಿಟೀಲು ಬೇಸ್’. ಪಿಟೀಲನ್ನೇ ಹಿಗ್ಗಿಸಿದಂತಹ ಆಕಾರ. ಮುಂಭಾಗ ಸ್ಪ್ರೂಸ್ ಮರ, ಹಿಂಭಾಗ ಮೇಪಲ್, ಒಳಗೆ ಬರೀ ಗಾಳಿ. ಎತ್ತಿಕೊಂಡರೆ ಖಾಲಿ ಸೂಟ್‌ಕೇಸ್‌ನಷ್ಟು ಹಗುರ. ಮಾಮೂಲಿ ಬೇಸ್‌ನ ತಂತಿ 34 ಇಂಚು ಉದ್ದವಿದ್ದರೆ ಇದರದ್ದು 30. ನನ್ನಂತಹ ಗಿಡ್ಡ ಬೆರಳಿನವರಿಗೆ ಅದೇ ವರ.

ಈ ಆಕಾರದ ಹಿಂದೆ ಒಂದು ವಲಸೆಯ ಕಥೆಯಿದೆ. ಕಾರ್ಲ್ ಹೋಫ್ನರ್ 1887ರಲ್ಲಿ ಅಂಗಡಿ ತೆರೆದದ್ದು ಶ್ಯೋನ್‌ಬಾಖ್ ಎಂಬ ಪಿಟೀಲು ತಯಾರಕರ ಊರಿನಲ್ಲಿ. ಇಂದು ಆ ಊರು ಚೆಕ್ ದೇಶದಲ್ಲಿದೆ, ಹೆಸರು ಲುಬಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿಂದ ಹೊರದೂಡಲ್ಪಟ್ಟ ಜರ್ಮನ್ ಕುಶಲಕರ್ಮಿಗಳು ಬಂದು ನೆಲೆಸಿದ ಹಳ್ಳಿಯೇ ಬುಬೆನ್‌ರಾಯ್ತ್. ಎರ್ಲಾಂಗೆನ್‌ನಿಂದ ಲೋಕಲ್ ರೈಲು ಹತ್ತಿದರೆ ಉತ್ತರಕ್ಕೆ ಅದು ಮುಂದಿನ ಸ್ಟೇಷನ್ನು. ಪಿಟೀಲು ಕೆತ್ತಿ ಬೆಳೆದ ಆ ಮನೆತನದ ವಾಲ್ಟರ್ ಹೋಫ್ನರ್ 1950ರ ದಶಕದ ನಡುವಿನಲ್ಲಿ ವಿದ್ಯುತ್ ಬೇಸ್ ಮಾಡಲು ಕುಳಿತಾಗ, ಕೈಗೆ ಗೊತ್ತಿದ್ದ ಆಕಾರವೇ ಮರಕ್ಕೆ ಇಳಿಯಿತು. 1956ರ ಫ್ರಾಂಕ್‌ಫರ್ಟ್ ಮೇಳದಲ್ಲಿ ಅದು ಜನರ ಮುಂದೆ ಬಂತು.

ಅದನ್ನು ಜಗತ್ಪ್ರಸಿದ್ಧ ಮಾಡಿದ್ದು ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ. ಲೆಕ್ಕದ ಪುಸ್ತಕಕ್ಕೆ ಬೇಕಾದ ಸಂಗತಿ ಇಲ್ಲಿದೆ. 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಬೀಟಲ್ಸ್ ಹುಡುಗರು ರಾತ್ರಿಯೆಲ್ಲ ನುಡಿಸುತ್ತಿದ್ದ ದಿನಗಳಲ್ಲಿ, ಸ್ಟೈನ್‌ವೇ ಅಂಗಡಿಯಲ್ಲಿ ಮೆಕಾರ್ಟ್ನಿ ಇದನ್ನು ಕೊಂಡದ್ದು ಸುಮಾರು ಮೂವತ್ತು ಪೌಂಡಿಗೆ. ಅಮೆರಿಕದ ಫೆಂಡರ್ ಬೇಸ್‌ಗೆ ಆಗ ನೂರು ಪೌಂಡಿನ ಆಸುಪಾಸು. ಸಾಲ ಮಾಡಬೇಡ ಎಂದು ಅಪ್ಪ ತಲೆಗೆ ತುಂಬಿದ್ದರಿಂದ ಅಗ್ಗದ್ದನ್ನು ಆರಿಸಿದೆ ಎಂದು ಮೆಕಾರ್ಟ್ನಿ ಅವರೇ ಹೇಳಿಕೊಂಡಿದ್ದಾರೆ. ಎರಡೂ ಬದಿ ಸಮವಾಗಿರುವ ಆಕಾರವಾದ್ದರಿಂದ ಎಡಗೈ ವಾದಕರಾದ ಅವರ ಕೈಯಲ್ಲೂ ತಿರುಗುಮುರುಗಾಗಿ ಕಾಣುವುದಿಲ್ಲ ಎಂಬುದು ಇನ್ನೊಂದು ಕಾರಣ. ಇಂದು ನಾವು ‘ಪ್ರೀಮಿಯಂ’ ಎಂದು ಕಣ್ಣರಳಿಸಿ ನೋಡುವ ವಾದ್ಯ ಅಂದು ಸಾಲಕ್ಕೆ ಹೆದರಿದ ಹುಡುಗನ ಬಜೆಟ್ ಆಯ್ಕೆ!

ನನ್ನ 319 ಯೂರೋದ ಬೇಸ್ ಕಂಪನಿಯ ‘ಇಗ್ನಿಷನ್’ ಶ್ರೇಣಿಯದು, ಏಷ್ಯಾದ ಕಾರ್ಖಾನೆಯಲ್ಲಿ ತಯಾರಾದದ್ದು. ಮೊದಲು ತರಿಸಿದ್ದರಲ್ಲಿ ಕುತ್ತಿಗೆ ಸೇರುವ ಜಾಗದಲ್ಲಿ ಕೂದಲೆಳೆಯ ಬಿರುಕಿತ್ತು. ಆನ್‌ಲೈನ್ ಖರೀದಿಗೆ ಇಲ್ಲಿ ಹದಿನಾಲ್ಕು ದಿನದ ವಾಪಸಾತಿ ಹಕ್ಕು ಇರುವುದರಿಂದ ಹಿಂದಿರುಗಿಸಿ ಬೇರೆ ತರಿಸಿದೆ. ಎರಡನೆಯದು ನೋಡಲು ಚೆನ್ನಾಗಿತ್ತು, ನುಡಿಸಲು ಅಲ್ಲ. ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, ಮೊದಲನೆಯದರ ಬಳಿ ತಂತಿ ಒತ್ತಿದರೆ ಶ್ರುತಿ ಮೇಲಕ್ಕೆ ಜಾರುತ್ತಿತ್ತು. ಚಳಿಗಾಲದ ಹೀಟರಿಗೆ ಮರ ಒಣಗಿ ಕುಗ್ಗಿದಾಗ ಫ್ರೆಟ್‌ಗಳ ತುದಿ ಹೊರಗೆ ಚಾಚಿ ಬೆರಳು ಕೊಯ್ಯುತ್ತಿತ್ತು.

ಬುಬೆನ್‌ರಾಯ್ತಿನ ಹಿರಿಯ ವಾದ್ಯ ರಿಪೇರಿಗಾರರೊಬ್ಬರ ಬಳಿ ಒಯ್ದೆ. ಅವರು ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ನಟ್ ಎಂಬ ಪಟ್ಟಿಯನ್ನು ತೋರಿಸಿದರು. ಅದರ ಗೀರುಗಳನ್ನು ಬೇಕಾದಷ್ಟು ಆಳಕ್ಕೆ ಕೊರೆದಿರಲಿಲ್ಲ. ಆ ಕೆಲಸಕ್ಕೆ ಅನುಭವಿಯ ಕೈ ಬೇಕು, ಹೊತ್ತೂ ಬೇಕು. ಮುನ್ನೂರು ಯೂರೋದ ವಾದ್ಯದಲ್ಲಿ ಕಾರ್ಖಾನೆ ಉಳಿಸಿಕೊಳ್ಳುವುದು ಆ ಹೊತ್ತನ್ನೇ. ಇನ್ನೊಂದು ತಪ್ಪು ನನ್ನದೇ ಆಗಿತ್ತು. ವೀಣೆಯವರು ‘ಕುದುರೆ’ ಎನ್ನುತ್ತಾರಲ್ಲ, ಆ ಬ್ರಿಡ್ಜ್‌ಗೆ ಈ ಬೇಸ್‌ನಲ್ಲಿ ಸ್ಕ್ರೂ ಇಲ್ಲ, ಅಂಟೂ ಇಲ್ಲ. ತಂತಿಯ ಒತ್ತಡದ ಮೇಲೆ ನಿಂತಿರುತ್ತದೆ. ನಾಲ್ಕೂ ತಂತಿಗಳನ್ನು ಒಮ್ಮೆಲೇ ಬಿಚ್ಚಿ ಒರೆಸಿದ್ದೆ, ಕುದುರೆ ಜಾಗ ಬಿಟ್ಟಿತ್ತು. ನಟ್‌ನಿಂದ ಹನ್ನೆರಡನೇ ಫ್ರೆಟ್‌ಗೆ 381 ಮಿಲಿಮೀಟರ್, ಅಲ್ಲಿಂದ ಕುದುರೆಗೆ ಮತ್ತೆ ಸುಮಾರು ಅಷ್ಟೇ ಎಂದು ಅಳೆದು ತೋರಿಸಿದರು. ತಂತಿಗಳನ್ನು ಒಂದೊಂದಾಗಿಯೇ ಬದಲಿಸಬೇಕೆಂದೂ ಹೇಳಿದರು.

ಒಂದೂವರೆ ಗಂಟೆಯ ಕೆಲಸಕ್ಕೆ 90 ಯೂರೋ. ಮೈ ನುಣುಪಾದ ಫ್ಲಾಟ್‌ವೌಂಡ್ ತಂತಿಗಳಿಗೆ 45. ಕೊನೆಗೆ ಅವರೇ ನಾಲ್ಕು ಸ್ವರ ನುಡಿಸಿ ‘ಬಸ್ಟ್ ಶೋ’ ಎಂದರು. ಈ ಫ್ರಾಂಕೋನಿಯ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಕನ್ನಡದಲ್ಲಿ ಹೇಳುವುದಾದರೆ, ‘ಪರವಾಗಿಲ್ಲ’.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಜಾಣ ಎನಿಸಿಕೊಳ್ಳುತ್ತಿದ್ದೆ. ನಿಲ್ಲಿಸಲಿಲ್ಲ. ಮುಂದಿನ ವರ್ಷ ಶ್ರುತಿಬಿರಡೆಗಳಿಗೆ 40, ತಂತಿಯ ಕಂಪನ ಹಿಡಿಯುವ ‘ಅಸಲಿ ದನಿ’ಯ ಪಿಕಪ್‌ಗಳಿಗೆ 150, ಪೆಟ್ಟಿಗೆಗೆ 75. ಪುಸ್ತಕದಲ್ಲಿ ಕೂಡಿ ನೋಡಿದರೆ ಒಟ್ಟು 719. ಪೆಟ್ಟಿಗೆ ಬೇಕಿತ್ತು, ಒಪ್ಪೋಣ. ಹಳೆಯ ಬಿರಡೆಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಪಿಕಪ್ ಬದಲಿಸಿದ್ದು ನಾನು ನುಡಿಸುವ ತಂಡದ ಒಬ್ಬನಿಗೂ ಗೊತ್ತಾಗಲಿಲ್ಲ. ಹೀಗೆ 190 ಯೂರೋ ಹೋಯಿತು.

2021ರ ವಸಂತದಲ್ಲಿ ಆಸೆ ತಡೆಯಲಾಗದೆ ದೊಡ್ಡದಕ್ಕೇ ಕೈ ಹಾಕಿದೆ: ಜರ್ಮನಿಯಲ್ಲೇ ತಯಾರಾದ 500/1, ಸೆಕೆಂಡ್ ಹ್ಯಾಂಡ್, 1,400 ಯೂರೋ. ಅದನ್ನು ಮಾಡಿದ್ದು ನಮ್ಮ ಮನೆಯಿಂದ ಸೈಕಲ್‌ನಲ್ಲೇ ಹೋಗಬಹುದಾದ ಹಾಗೆನಾವ್‌ನಲ್ಲಿ. ಬುಬೆನ್‌ರಾಯ್ತ್ ಬಿಟ್ಟ ಮೇಲೆ ಕಂಪನಿ ನೆಲೆಸಿದ್ದು ಅಲ್ಲಿ. ಹೊಸದನ್ನೇ ಏಕೆ ಕೊಳ್ಳಲಿಲ್ಲ ಎಂಬುದಕ್ಕೆ ಒಂದು ಲೆಕ್ಕ ಸಾಕು. ಇಲ್ಲಿ ಬೆಲೆಯೊಳಗೇ ಶೇ 19ರ ತೆರಿಗೆ ಅಡಗಿರುತ್ತದೆ. 2,200ರ ವಾದ್ಯದಲ್ಲಿ ಅದು 351 ಯೂರೋ. ಅಂದರೆ ದುಬಾರಿ ಬೇಸ್‌ನ ತೆರಿಗೆಯೊಂದೇ ನನ್ನ ಅಗ್ಗದ ಬೇಸ್‌ನ ಇಡೀ ಬೆಲೆಗಿಂತ ಹೆಚ್ಚು. ಅಂಗಡಿ ಬಾಗಿಲು ದಾಟುತ್ತಿದ್ದಂತೆ ಆ ದುಡ್ಡು ಮರಳಿ ಬಾರದು. ಅದನ್ನು ಮೊದಲ ಮಾಲೀಕ ಕೊಟ್ಟಾಗಿತ್ತು.

ವ್ಯತ್ಯಾಸ ಇತ್ತೇ? ಇತ್ತು. ಅಡುಗೆಮನೆಯ ತಕ್ಕಡಿಯಲ್ಲಿ ಜರ್ಮನ್ ಬೇಸ್ ಮುನ್ನೂರು ಗ್ರಾಂ ಹಗುರ. ಫ್ರೆಟ್‌ಗಳ ತುದಿ ನದಿಯ ಕಲ್ಲಿನಂತೆ ನಯ. ನಟ್‌ಗೆ ಯಾರೂ ಅರ ಹಿಡಿಯಬೇಕಿರಲಿಲ್ಲ. ತಂತಿ ಮೀಟಿದರೆ ಮರದ ಕಂಪನ ನೇರ ಪಕ್ಕೆಲುಬಿಗೆ ಬಂದು ಮುಟ್ಟುತ್ತಿತ್ತು. ಎರಡಕ್ಕೂ ಒಂದೇ ತಂತಿ ಹಾಕಿ, ಒಂದೇ ಸಾಲನ್ನು ಧ್ವನಿಮುದ್ರಿಸಿ, ಯಾವುದು ಯಾವುದೆಂದು ಹೇಳದೆ ತಂಡದ ನಾಲ್ವರಿಗೆ ಕೇಳಿಸಿದೆ. ಇಬ್ಬರು ಅಗ್ಗದ್ದನ್ನು ಮೆಚ್ಚಿದರು, ಒಬ್ಬ ದುಬಾರಿಯದ್ದನ್ನು. ಡ್ರಮ್ಸ್‌ನವನು ಎರಡೂ ಒಂದೇ ಅಂದ. ಅಲ್ಲಿಗೆ ನನಗೆ ಸ್ಪಷ್ಟವಾಯಿತು: ಹೆಚ್ಚುವರಿ ಹಣ ಕೆಲಸ ಮಾಡುವುದು ನುಡಿಸುವವನ ಮೈಮೇಲೆ, ಕೇಳುವವನ ಕಿವಿಯಲ್ಲಿ ಅಲ್ಲ.

ಕೇಳುವವರಿಗೆ ಗೊತ್ತಾಗುವ ದೋಷ ಎರಡಕ್ಕೂ ಸಮಾನ. ಇಲ್ಲಿನ ಕನ್ನಡ ಬಳಗದ ರಾಜ್ಯೋತ್ಸವದಲ್ಲಿ ರಾಜನ್–ನಾಗೇಂದ್ರ ಹಾಡುಗಳಿಗೆ ಬೇಸ್ ನುಡಿಸುವಾಗ, ಆಂಪ್ಲಿಫೈಯರ್ ಪಕ್ಕದಲ್ಲೇ ನಿಂತಿದ್ದಕ್ಕೆ ಟೊಳ್ಳು ಹೊಟ್ಟೆ ಗೂಳಿಯಂತೆ ಗುಟುರು ಹಾಕಿತು. ಸ್ಪೀಕರಿನ ಸದ್ದಿಗೆ ಮರ ಕಂಪಿಸಿ, ಆ ಕಂಪನ ಪಿಕಪ್‌ಗೆ ಹೋಗಿ, ಮತ್ತೆ ಸ್ಪೀಕರಿಗೆ ಬಂದು ಸುತ್ತುವ ಕಾಟ ಅದು. ಎರಡು ಸಾವಿರದ ಇನ್ನೂರು ಕೊಟ್ಟರೂ ಟೊಳ್ಳು ಟೊಳ್ಳೇ. ದೊಡ್ಡ ಸದ್ದಿನ ತಂಡದವರಿಗೆ ಇದೇ ಕಂಪನಿಯ ನಡುವಿನ ಬೆಲೆಯ ‘ಕಾಂಟೆಂಪರರಿ’ ಮಾದರಿ ವಾಸಿ; ಅದರ ಹೊಟ್ಟೆಯೊಳಗೆ ಮರದ ದಿಮ್ಮಿ ಇರುತ್ತದೆ, ಗುಟುರು ಕಡಿಮೆ.

ನುಡಿಸಿದ ಗಂಟೆಗಳನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದೆ; 2023ರಲ್ಲಿ ಅದನ್ನು ತೆರೆದು ಲೆಕ್ಕ ಹಾಕಿದೆ. ಎರಡೂ ಮನೆಯಲ್ಲಿದ್ದ ಎರಡು ವರ್ಷದಲ್ಲಿ ಅಗ್ಗದ್ದನ್ನು ನುಡಿಸಿದ್ದು 230 ಗಂಟೆ, ದುಬಾರಿಯದ್ದನ್ನು 61. ಮಳೆಯಲ್ಲಿ ಸೈಕಲ್ ಮೇಲೆ ಹೋದದ್ದು ಅಗ್ಗದ್ದು, ಮಗಳ ಗೆಳತಿಯರ ಕೈಗೆ ಸಿಕ್ಕದ್ದು ಅಗ್ಗದ್ದು. ಇನ್ನೊಂದು ಪೆಟ್ಟಿಗೆಯಲ್ಲಿ ತೇವಾಂಶ ಕಾಯುವ ಪೊಟ್ಟಣದ ಜೊತೆ ಮಲಗಿರುತ್ತಿತ್ತು. ಮುಟ್ಟುವ ಮುನ್ನ ಕೈ ತೊಳೆಯುತ್ತಿದ್ದೆ.

ದುಬಾರಿಯದ್ದನ್ನು 1,350ಕ್ಕೆ ಮಾರಿದೆ. ಎರಡು ವರ್ಷಕ್ಕೆ ನಷ್ಟ 50, ತಂತಿಯ 45 ಸೇರಿಸಿದರೆ 95 ಯೂರೋ. ಅಗ್ಗದ್ದನ್ನು ಆಗ ಮಾರಿದ್ದರೆ 200 ಸಿಗುತ್ತಿತ್ತು. ಅಂದರೆ ಐದು ವರ್ಷಕ್ಕೆ 519 ಯೂರೋ ಕರಗಿತ್ತು. ಹಾಕಿಸಿದ ಪಿಕಪ್, ಬಿರಡೆಗಳಿಗೆ ಕೊಳ್ಳಲು ಬಂದವನು ಬಿಡಿಗಾಸೂ ಹೆಚ್ಚು ಹೇಳಲಿಲ್ಲ. ವರ್ಷದ ಲೆಕ್ಕದಲ್ಲಿ ದುಬಾರಿಯದ್ದೇ ಅಗ್ಗ: 48ಕ್ಕೆ ಎದುರಾಗಿ 104. ಗಂಟೆಯ ಲೆಕ್ಕದಲ್ಲಿ ಅಗ್ಗದ್ದು ಅಗ್ಗ: ಐದು ವರ್ಷದ ಆರುನೂರು ಗಂಟೆಗೆ ಹಂಚಿದರೆ ಗಂಟೆಗೆ 87 ಸೆಂಟ್, ಇನ್ನೊಂದಕ್ಕೆ ಒಂದೂವರೆ ಯೂರೋ ಮೀರಿತು. ಮೊದಲ ಲೆಕ್ಕದ ಲಾಭ ಪಡೆಯಲು 1,400 ಯೂರೋ ಎರಡು ವರ್ಷ ಸುಮ್ಮನೆ ಕೂರಿಸುವ ಶಕ್ತಿ ಇರಬೇಕು. ಆಗ ಇಲ್ಲಿನ ಉಳಿತಾಯ ಖಾತೆಯಲ್ಲಿ ಬಡ್ಡಿ ಹೆಚ್ಚುಕಮ್ಮಿ ಸೊನ್ನೆ ಇದ್ದದ್ದರಿಂದ ನನಗೆ ಅದು ಭಾರವಾಗಲಿಲ್ಲ. ಸಾಲ ಮಾಡಿ ಕೊಂಡಿದ್ದರೆ ಆಟವೇ ಬೇರೆ.

“ಅತ್ತೆಯ ಮೈಸೂರು ಸಿಲ್ಕ್ ಮೂವತ್ತು ವರ್ಷದಲ್ಲಿ ಹತ್ತು ಸಲ ಉಟ್ಟಿರಬಹುದು. ಗಂಟೆಗೆ ಎಷ್ಟು ಬಿತ್ತು ಹೇಳಿ ನೋಡೋಣ” ಎಂದಳು ಹೆಂಡತಿ. ಇದಕ್ಕೆ ನನ್ನ ಪುಸ್ತಕದಲ್ಲಿ ಅಂಕಣ ಇಲ್ಲ. ಆದರೆ ಅಮ್ಮ ಆ ಸೀರೆ ಉಟ್ಟಾಗ ಹೆದರಿದ್ದನ್ನು ನಾನು ನೋಡಿಲ್ಲ. ನಾನು ಹೆದರುತ್ತಿದ್ದೆ.

ಊರಿನವರಿಗೆ ಒಂದು ಮಾತು. 2019ರಲ್ಲಿ ಬೆಂಗಳೂರಿನ ಗೆಳೆಯ ‘ಬರುವಾಗ ಜರ್ಮನ್ ಬೇಸ್ ಒಂದು ತಂದುಬಿಡು’ ಎಂದಿದ್ದ. ಆಗಿನ ನಿಯಮದಂತೆ ಲಗೇಜಿನಲ್ಲಿ ಐವತ್ತು ಸಾವಿರ ರೂಪಾಯಿವರೆಗಿನ ಸಾಮಾನಿಗೆ ಸುಂಕವಿಲ್ಲ, ಮೀರಿದ್ದಕ್ಕೆ ಶೇ 38.5. ಒಂದು ಮುಕ್ಕಾಲು ಲಕ್ಷದ ವಾದ್ಯಕ್ಕೆ ಸುಂಕವೇ 48 ಸಾವಿರ ದಾಟುತ್ತದೆ. ಅಗ್ಗದ ಬೇಸ್ ಆದರೆ ಮಿತಿಯೊಳಗೇ ಬರುತ್ತದೆ ಎಂದೆ. ಅವನು ಅದನ್ನೇ ತರಿಸಿಕೊಂಡ, ನಟ್ ಕೊರೆಸಿಕೊಂಡ. ನಿಯಮಗಳು ಬದಲಾಗುತ್ತಿರುತ್ತವೆ, ವಿಮಾನ ಹತ್ತುವ ಮುನ್ನ ಅಂದಿನ ಮಿತಿ ನೋಡಿಕೊಳ್ಳಿ.

2024ರ ಫೆಬ್ರುವರಿಯಲ್ಲಿ ಒಂದು ಸುದ್ದಿ ಬಂತು. ಮೆಕಾರ್ಟ್ನಿ ಅವರ 1961ರ ಆ ಮೊದಲ ಬೇಸ್ 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾಗಿತ್ತು. ಐವತ್ತೊಂದು ವರ್ಷದ ಮೇಲೆ ಅದು ಮನೆಯೊಂದರ ಅಟ್ಟದಲ್ಲಿ ಸಿಕ್ಕಿ ಮಾಲೀಕರ ಕೈ ಸೇರಿತು. ಜರ್ಮನ್ ಬೇಸ್ ಮಾರಿದ್ದಕ್ಕೆ ಆ ಸಂಜೆ ನನ್ನ ಹೊಟ್ಟೆ ಸ್ವಲ್ಪ ಉರಿದದ್ದು ನಿಜ. ಗೋಡೆಯಿಂದ 319ರ ಬೇಸ್ ಇಳಿಸಿ ಒಂದು ಗಂಟೆ ನುಡಿಸಿ, ಪುಸ್ತಕದಲ್ಲಿ ಬರೆದು ಮಲಗಿದೆ.

ನನ್ನ ತೀರ್ಪು ಇಷ್ಟು. ಹವ್ಯಾಸಕ್ಕೆ ಕೊಳ್ಳುವವರು ಅಗ್ಗದ್ದನ್ನು ಹೊಸದಾಗಿ ಕೊಳ್ಳಿ, ಇಲ್ಲವೇ ದುಬಾರಿಯದ್ದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಿ. ಹೊಸ ದುಬಾರಿಯದ್ದು ವೃತ್ತಿಯವರಿಗಿರಲಿ. ಅಗ್ಗದ ವಾದ್ಯಕ್ಕೆ ದುಬಾರಿ ಬಿಡಿಭಾಗ ಹಾಕಿಸಬೇಡಿ, ಆ ಹಣ ಮರಳುವುದಿಲ್ಲ. ಕೈಯಲ್ಲಿ ನೂರು ರೂಪಾಯಿ ಇದ್ದರೆ ಎಪ್ಪತ್ತಕ್ಕೆ ವಾದ್ಯ ಕೊಳ್ಳಿ. ಉಳಿದ ಮೂವತ್ತನ್ನು ತಂತಿಗೂ ಅದನ್ನು ಸರಿಪಡಿಸುವ ರಿಪೇರಿಗಾರರ ಕೈಗೂ ತೆಗೆದಿಡಿ.