ವಿನ್‌ಕ್ರಿಸ್ಟಿನ್: ಔಷಧದ ಹೆಸರನ್ನು ಓದುವುದು ಹೇಗೆ?

ಕೀಮೋ ವಾರ್ಡಿಗೆ ಹೊಸದಾಗಿ ಬಂದವರಿಗೆ ಔಷಧಗಳ ಹೆಸರು ಬೇಗ ನಾಲಿಗೆಗೆ ಹೊರಳುವುದಿಲ್ಲ. ನರ್ಸಿಂಗ್ ಓದುವ ಹುಡುಗಿಗೂ ಅಷ್ಟೆ, ಮಗುವಿನ ಫೈಲು ಹಿಡಿದು ಕೂತ ತಾಯಿಗೂ ಅಷ್ಟೆ. ಎಲ್ಲ ಹೆಸರನ್ನೂ ಒಟ್ಟಿಗೆ ಕಲಿಯಬೇಕಿಲ್ಲ. ಒಂದನ್ನು ಸರಿಯಾಗಿ ಬಿಡಿಸಿಕೊಂಡರೆ ಉಳಿದವನ್ನು ಓದುವ ದಾರಿ ತಾನಾಗಿ ಕಾಣುತ್ತದೆ. ಅದಕ್ಕೆ ನಾನು ಆರಿಸಿಕೊಂಡಿರುವುದು ವಿನ್‌ಕ್ರಿಸ್ಟಿನ್. ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಮೊದಲ ವಾರಗಳಿಂದಲೇ ಬರುವ ಔಷಧ ಇದು.

ಇದು ಹುಟ್ಟುವ ಗಿಡ ನಿಮಗೆ ಗೊತ್ತಿರುವುದೇ. ಅಂಗಳದಲ್ಲಿ, ಕಾಂಪೌಂಡಿನ ಬದಿಯಲ್ಲಿ ವರ್ಷವಿಡೀ ಗುಲಾಬಿ ಬಣ್ಣದ ಐದೆಸಳಿನ ಹೂ ಬಿಡುವ ನಿತ್ಯಪುಷ್ಪ. ಕೆಲವರು ಸದಾಪುಷ್ಪ ಎನ್ನುತ್ತಾರೆ, ಕೆಲವರು ಕಾಶಿ ಕಣಗಿಲೆ ಎನ್ನುತ್ತಾರೆ. ಮೂಲ ಮಡಗಾಸ್ಕರ್ ದ್ವೀಪ. 1759ರಲ್ಲಿ ಲಿನೇಯಸ್ ಇದನ್ನು ‘ವಿಂಕಾ ರೋಸಿಯಾ’ ಎಂದು ಕರೆದ. ಮುಂದಿನ ಶತಮಾನದಲ್ಲಿ ಸಸ್ಯಶಾಸ್ತ್ರಜ್ಞರು ಇದನ್ನು ವಿಂಕಾ ಕುಲದಿಂದ ಹೊರಗಿಟ್ಟು ‘ಕ್ಯಾಥರಾಂಥಸ್’ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಆದರೆ ಔಷಧದ ಹೆಸರಿನ ತಲೆಯಲ್ಲಿ ಹಳೆಯ ವಿಂಕಾ ‘ವಿನ್’ ಆಗಿ ಉಳಿದಿದೆ.

ಔಷಧ ಸಿಕ್ಕಿದ್ದು ಬೇರೇನನ್ನೋ ಹುಡುಕುವಾಗ. ಜಮೈಕಾದಲ್ಲಿ ಈ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಒಂದು ಲಕೋಟೆಯಲ್ಲಿ ಬಂದ ಎಲೆಗಳು ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ರಾಬರ್ಟ್ ನೋಬಲ್ ಅವರ ಕೈ ಸೇರಿದವು. ಇಲಿಗಳಿಗೆ ಎಲೆಯ ಸಾರ ಕೊಟ್ಟು ನೋಡಿದರೆ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಬಿಳಿ ರಕ್ತಕಣ ಅತಿಯಾಗಿ ಬೆಳೆಯುವ ಕಾಯಿಲೆಗೆ ಇದೇ ಮದ್ದಾಗಬಹುದಲ್ಲವೇ? ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಆ ಜಾಡು ಹಿಡಿದು, 1958ರ ಹೊತ್ತಿಗೆ ಎಲೆಯಿಂದ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಇದೇ ಗಿಡದ ಮೇಲೆ ಕೆಲಸ ಮಾಡುತ್ತಿದ್ದ ಅಮೆರಿಕದ ಎಲಿ ಲಿಲ್ಲಿ ಕಂಪನಿಯ ತಂಡ ವಿನ್‌ಕ್ರಿಸ್ಟಿನ್ ಕಂಡುಕೊಂಡಿತು. 1963ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಕ್ವಿಂಟಲುಗಟ್ಟಲೆ ಒಣ ಎಲೆ ಅರೆದರೂ ಸಿಗುವುದು ಗ್ರಾಂ ಲೆಕ್ಕದಲ್ಲಿ.

ಈಗ ಹೆಸರಿಗೆ ಬರೋಣ. ನಮ್ಮಲ್ಲಿ ಹೆಸರಿನ ಮುಂದೆ ಊರಿನ ಇನಿಷಿಯಲ್ ಹಾಕುತ್ತೇವಲ್ಲ, ‘ವಿನ್’ ಮಾಡುವ ಕೆಲಸವೂ ಅಂಥದೇ: ಯಾವ ಮೂಲದವನು ಎಂದು ಹೇಳುತ್ತದೆ. ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್, ವಿನೊರೆಲ್ಬಿನ್ ಎಲ್ಲವೂ ಒಂದೇ ಬಳಗ. ಕೋಶ ಎರಡಾಗಿ ಒಡೆಯುವಾಗ ವರ್ಣತಂತುಗಳನ್ನು ಎರಡು ಬದಿಗೆ ಎಳೆಯುವ ಸೂಕ್ಷ್ಮ ನಳಿಕೆಗಳನ್ನು ಇವು ಕಟ್ಟಗೊಡುವುದಿಲ್ಲ. ಒಡೆಯಲಾರದ ಕೋಶ ಸಾಯುತ್ತದೆ. ಆದರೆ ‘ವಿನ್’ ಎಂದಿದ್ದುದೆಲ್ಲ ಕ್ಯಾನ್ಸರಿನ ಔಷಧವೇ ಎಂದು ತೀರ್ಮಾನಿಸಬೇಡಿ. ವಿನ್‌ಪೊಸೆಟಿನ್ ಎಂಬುದು ವಿಂಕಾ ಕುಲದ ಇನ್ನೊಂದು ಗಿಡದ ಮೂಲದ್ದು, ಅದು ಕೀಮೋ ಅಲ್ಲ. ಇನಿಷಿಯಲ್ ಊರನ್ನು ಹೇಳುತ್ತದೆ, ಉದ್ಯೋಗವನ್ನಲ್ಲ. ಇದೇ ರೀತಿ ಕೊನೆಯಲ್ಲಿ ‘ಪ್ಲಾಟಿನ್’ ಇದ್ದರೆ ಪ್ಲಾಟಿನಂ ಲೋಹದ ಔಷಧ, ‘ರುಬಿಸಿನ್’ ಇದ್ದರೆ ಮಾಣಿಕ್ಯದ ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಬಳಗ.

ಹೊಸಬರು ಹೆಚ್ಚು ಗೊಂದಲಕ್ಕೆ ಬೀಳುವುದು ಒಂದೇ ಔಷಧಕ್ಕೆ ಎರಡು ಮೂರು ಹೆಸರು ಇರುವುದರಿಂದ. ವಿನ್‌ಕ್ರಿಸ್ಟಿನ್ ಎನ್ನುವುದು ಜೆನೆರಿಕ್ ಹೆಸರು, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿರುವುದು. ಯಾವ ದೇಶಕ್ಕೆ ಹೋದರೂ ಹೆಚ್ಚು ಕಡಿಮೆ ಅದೇ. ಕಂಪನಿ ಇಡುವ ಬ್ರಾಂಡ್ ಹೆಸರು ಬೇರೆ. ಲಿಲ್ಲಿ ಕಂಪನಿ ಇದನ್ನು ‘ಆಂಕೊವಿನ್’ ಎಂದು ಮಾರಿತು. ಲಿಂಫೋಮಾ ರೋಗಿಗಳ ಫೈಲಿನಲ್ಲಿ ‘ಚಾಪ್’ ಎಂದು ಬರೆದಿರುವುದನ್ನು ನೋಡಿರುತ್ತೀರಿ. ಅದು ನಾಲ್ಕು ಔಷಧಗಳ ಮೊದಲ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿದ್ದು. ಅದರಲ್ಲಿರುವ ‘ಓ’ ಅಂದರೆ ಆಂಕೊವಿನ್, ಅಂದರೆ ನಮ್ಮ ವಿನ್‌ಕ್ರಿಸ್ಟಿನ್ನೇ. ‘ಎಚ್’ ಎಂದರೆ ಡಾಕ್ಸೊರುಬಿಸಿನ್‌ನ ಇನ್ನೊಂದು ಹೆಸರಾದ ಹೈಡ್ರಾಕ್ಸಿಡೌನೊರುಬಿಸಿನ್. ಪಟ್ಟಿಯಲ್ಲಿ ವಿನ್‌ಕ್ರಿಸ್ಟಿನ್ ಎಂದಿದೆ, ಚೀಟಿಯಲ್ಲಿ ‘ಓ’ ಎಂದಿದೆ, ಬೇರೆ ಔಷಧ ಕೊಟ್ಟರೇ ಎಂದು ಗಾಬರಿಯಾಗುವವರಿಗೆ ಇಷ್ಟು ತಿಳಿದರೆ ಸಾಕು.

ಇನ್ನು ನಾನು ಒತ್ತಿ ಹೇಳಬೇಕಾದ ಮಾತು. ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎರಡನ್ನೂ ಒಮ್ಮೆ ಜೋರಾಗಿ ಹೇಳಿ ನೋಡಿ. ಕಿವಿಗೆ ಎಷ್ಟು ಹತ್ತಿರ! ಪ್ರಮಾಣ ಮಾತ್ರ ಹತ್ತಿರವಿಲ್ಲ. ವಿನ್‌ಕ್ರಿಸ್ಟಿನ್ ಸಾಮಾನ್ಯವಾಗಿ ದೇಹದ ಹೊರಮೈ ಅಳತೆಯ ಚದರ ಮೀಟರಿಗೆ 1.4 ಮಿಲಿಗ್ರಾಂ, ಒಂದು ಸಲಕ್ಕೆ 2 ಮಿಲಿಗ್ರಾಂ ಮೀರದಂತೆ ಕೊಡುವುದು ರೂಢಿ. ವಿನ್‌ಬ್ಲಾಸ್ಟಿನ್ ಚದರ ಮೀಟರಿಗೆ 6 ಮಿಲಿಗ್ರಾಂ ಆಸುಪಾಸು. ಒಂದರ ಬದಲು ಇನ್ನೊಂದು ಹೋದರೆ ಜೀವಕ್ಕೇ ಅಪಾಯ. ವಿನ್‌ಬ್ಲಾಸ್ಟಿನ್ ಮುಖ್ಯವಾಗಿ ರಕ್ತಕಣ ಇಳಿಸುತ್ತದೆ. ವಿನ್‌ಕ್ರಿಸ್ಟಿನ್ ನರಗಳನ್ನು ಕಾಡುತ್ತದೆ: ಕೈಕಾಲು ಜೋಮು, ದವಡೆ ನೋವು, ಮಲಬದ್ಧತೆ. ಅದಕ್ಕಾಗಿಯೇ ಆಸ್ಪತ್ರೆಯ ಲೇಬಲ್ಲುಗಳಲ್ಲಿ ನಡುವಿನ ‘ಕ್ರಿಸ್’, ‘ಬ್ಲಾಸ್’ ಭಾಗಗಳನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವ ಪದ್ಧತಿ ಬಂದಿದೆ.

ಇದಕ್ಕಿಂತ ಘೋರವಾದ ತಪ್ಪು ಕೊಡುವ ಜಾಗದ್ದು. ಲುಕೇಮಿಯಾ ಮಕ್ಕಳಿಗೆ ಒಂದೇ ದಿನ ರಕ್ತನಾಳಕ್ಕೆ ವಿನ್‌ಕ್ರಿಸ್ಟಿನ್, ಬೆನ್ನುಮೂಳೆಯ ನೀರಿಗೆ ಮೆಥೊಟ್ರೆಕ್ಸೇಟ್ ಕೊಡುವ ಸಂದರ್ಭ ಇರುತ್ತದೆ. ಸಿರಿಂಜು ಅದಲುಬದಲಾಗಿ ವಿನ್‌ಕ್ರಿಸ್ಟಿನ್ ಬೆನ್ನಿಗೆ ಹೋದರೆ ಬದುಕುವುದು ಅಪರೂಪ. ಹಲವು ದೇಶಗಳಲ್ಲಿ ಹೀಗೆ ಜೀವ ಹೋಗಿದೆ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಕೊಟ್ಟು, ಇದನ್ನು ಸಿರಿಂಜಿನಲ್ಲಿ ಕೊಡುವ ಬದಲು ಸಣ್ಣ ಡ್ರಿಪ್ ಚೀಲದಲ್ಲಿ ಬೆರೆಸಿ ಕೊಡಿ ಎಂದು ಹೇಳಿತು. ಚೀಲವನ್ನು ಯಾರೂ ಬೆನ್ನಿಗೆ ಚುಚ್ಚಲು ಹೋಗುವುದಿಲ್ಲ. ಇಷ್ಟು ಸರಳ ಉಪಾಯ ಪ್ರತಿ ಆಸ್ಪತ್ರೆಯಲ್ಲೂ ಕಟ್ಟುನಿಟ್ಟಾಗಿ ಇರಲೇಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ಅಂಗಳದ ಗಿಡದಲ್ಲೇ ಔಷಧವಿದೆ ಎಂದು ಎಲೆ ಕಿತ್ತು ಕುದಿಸಿ ಕುಡಿಸಬೇಡಿ. ಆ ಎಲೆ ವಿಷ. ಅದರಲ್ಲಿ ಯಾವ ಸತ್ವ ಎಷ್ಟಿದೆ ಎಂದು ಅಳೆಯಲು ಮನೆಯಲ್ಲಿ ಸಾಧ್ಯವಿಲ್ಲ, ಕೀಮೋ ನಡೆಯುತ್ತಿರುವಾಗಲಂತೂ ಬೇಡವೇ ಬೇಡ. ಅದರ ಬದಲು ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಸಲ ಕೊಟ್ಟ ಔಷಧದ ಜೆನೆರಿಕ್ ಹೆಸರು, ಪ್ರಮಾಣ, ಯಾವ ದಾರಿಯಲ್ಲಿ ಕೊಟ್ಟರು, ಯಾವ ದಿನ ಎಂದು ಬರೆಯಿರಿ. ಅರ್ಥವಾಗದಿದ್ದರೆ ಸಿಸ್ಟರನ್ನು ಕೇಳಿ ಬರೆಸಿಕೊಳ್ಳಿ. ಊರಿಗೆ ಹೋದಾಗ ಜ್ವರ ಬಂದು ಬೇರೆ ಡಾಕ್ಟರ ಹತ್ತಿರ ಓಡಬೇಕಾದರೆ ಆ ಪುಟವನ್ನೇ ಮೊದಲು ತೋರಿಸಿ.