ಶಾಲೆಯ ಮಕ್ಕಳ ಪುಷ್ಟಿಯೂ ಹೊಲದ ಬದುವೂ

ಪೈರಿನ ಎಲೆ ಹಳದಿಗಟ್ಟಿದರೆ ಭೂಮಿಯಲ್ಲಿ ಯಾವ ಸಾರವು ಕಡಮೆಯಾಗಿದೆಯೆಂದು ರೈತನು ವಿಚಾರಿಸುವನು. ಶಾಲೆಗೆ ಹೋಗುವ ಮಗುವು ಬಿಳಿಚಿಕೊಂಡು ಪಾಠದ ವೇಳೆಯಲ್ಲಿ ತೂಕಡಿಸಿದರೆ ಸೋಮಾರಿಯೆಂದು ಗದರಿಸಿ ಸುಮ್ಮನಾಗುವುದುಂಟು. ಅಲ್ಲಿಯೂ ಸಾರದ ಕೊರತೆಯಿರಬಹುದೆಂಬುದನ್ನು ಗ್ರಾಮದ ಮುಖಂಡರೂ ಹಿಡುವಳಿದಾರರೂ ಗಮನಿಸತಕ್ಕದ್ದು. 2016ರಿಂದ 2018ರ ವರೆಗೆ ದೇಶಾದ್ಯಂತ ನಡೆದ ಪೋಷಣಾ ಸಮೀಕ್ಷೆಯಲ್ಲಿ, 5ರಿಂದ 9 ವರ್ಷದ ಮಕ್ಕಳಲ್ಲಿ ನೂರಕ್ಕೆ 24 ಮಂದಿಗೆ ರಕ್ತಹೀನತೆಯೂ 22 ಮಂದಿಗೆ ‘ಎ’ ಜೀವಸತ್ವದ ಕೊರತೆಯೂ ಕಂಡುಬಂದಿತು.

ಗುರುತುಗಳು:— ರಕ್ತಹೀನತೆಯಲ್ಲಿ ಕೆಳರೆಪ್ಪೆಯ ಒಳಭಾಗವೂ ನಾಲಗೆಯೂ ಉಗುರುಗಳೂ ಬಿಳಿಚಿಕೊಳ್ಳುವುವು. ಸ್ವಲ್ಪ ಓಡಿದರೂ ಏದುಸಿರು ಬರುವುದು. ಓದಿನಲ್ಲಿ ಮನಸ್ಸು ನಿಲ್ಲದು. ‘ಎ’ ಜೀವಸತ್ವವು ಸಾಲದಿದ್ದರೆ ಸಂಜೆಯಾದ ಮೇಲೆ ಕಣ್ಣು ಕಾಣದು. ಇದೇ ಇರುಳುಗಣ್ಣು, ಅಲಕ್ಷ್ಯಮಾಡಿದಲ್ಲಿ ದೃಷ್ಟಿಯೇ ನಷ್ಟವಾಗಬಹುದು. ಈ ಗುರುತುಗಳಿರುವ ಮಕ್ಕಳನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕಾರಣಗಳು:— ಹೊಟ್ಟೆ ತುಂಬಿದ ಮಾತ್ರಕ್ಕೆ ದೇಹಕ್ಕೆ ಬೇಕಾದುದೆಲ್ಲವೂ ದೊರೆತಂತಾಗಲಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ನುಣ್ಣಗೆ ಪಾಲಿಷ್ ಮಾಡಿದ ಅಷ್ಟೇ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ ಮಾತ್ರ. ಆದರೂ ರಾಗಿಯೊಂದೇ ಸಾಲದು. ಅವರೆಯನ್ನೂ ತೊಗರಿಯನ್ನೂ ಸಂತೆಗೆ ಹಾಕಿ, ಮನೆಯಲ್ಲಿ ತಿಳಿಸಾರಿನಿಂದ ಊಟ ಮುಗಿಸುವ ಕುಟುಂಬದಲ್ಲಿ, ಕಣಜವು ತುಂಬಿದ್ದರೂ ಮಕ್ಕಳು ಬಡಕಲಾಗುವರು. ಇದಲ್ಲದೆ, ಬಯಲು ಶೌಚವಿರುವೆಡೆಯ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳು ಬೆಳೆದು, ಬರಿಗಾಲಿನ ಚರ್ಮದ ಮೂಲಕ ದೇಹವನ್ನು ಸೇರಿ, ಕರುಳಿನಲ್ಲಿದ್ದು ರಕ್ತವನ್ನು ಹೀರುವುವು.

ಮಾಡತಕ್ಕ ಕೆಲಸಗಳು:—

1. ರಾಗಿಯ ಹೊಲದಲ್ಲಿ ಎಂಟು ಸಾಲಿಗೊಂದರಂತೆ ಅವರೆಯ ಅಕ್ಕಡಿ ಸಾಲನ್ನು ತಪ್ಪದೆ ಹಾಕುವುದು. ಬಂದ ಕಾಳಿನಲ್ಲಿ ಮನೆಯ ಮಕ್ಕಳಿಗೆ ವರ್ಷಕ್ಕೆ ಸಾಲುವಷ್ಟನ್ನು ಮೊದಲು ತೆಗೆದಿರಿಸಿ, ಉಳಿದುದನ್ನು ಮಾರುವುದು.

2. ಬದುವಿನಲ್ಲಿಯೂ ಹಿತ್ತಿಲಿನಲ್ಲಿಯೂ ನುಗ್ಗೆಯನ್ನು ಬೆಳೆಸುವುದು. ಮುಂಗಾರು ಹಿಡಿದೊಡನೆ, ಮಣಿಕಟ್ಟಿನ ದಪ್ಪವುಳ್ಳ, ಮೂರು ನಾಲ್ಕು ಅಡಿ ಉದ್ದದ ಬಲಿತ ಕೊಂಬೆಯನ್ನು ಒಂದಡಿ ಆಳಕ್ಕೆ ನೆಟ್ಟು, ಮೇಲ್ತುದಿಗೆ ಸಗಣಿಯನ್ನು ಮೆತ್ತಬೇಕು. ನೀರು ನಿಲ್ಲುವ ಸ್ಥಳವು ಇದಕ್ಕೆ ಆಗದು. ಚಿಗುರಿದ ಮೇಲೆ ತುದಿಗಳನ್ನು ಚಿವುಟುತ್ತಿದ್ದರೆ ಕವಲೊಡೆದು, ಸೊಪ್ಪು ಕೈಗೆಟುಕುವಂತೆ ಬರುವುದು.

3. ಸೊಪ್ಪನ್ನು ವಾರಕ್ಕೆ ಮೂರು ನಾಲ್ಕು ದಿನವಾದರೂ ಕಾಳಿನೊಡನೆ ಬೇಯಿಸಿ, ಎಣ್ಣೆಯ ಒಗ್ಗರಣೆ ಕೊಟ್ಟು ಬಡಿಸುವುದು. ಎಣ್ಣೆಯಿಲ್ಲದಿದ್ದರೆ ಸೊಪ್ಪಿನಲ್ಲಿರುವ ‘ಎ’ ಜೀವಸತ್ವದ ಮೂಲವು ದೇಹಕ್ಕೆ ಸರಿಯಾಗಿ ಹತ್ತದು. ಊಟದ ಮೇಲೆ ನಿಂಬೆಹುಳಿಯನ್ನು ಹಿಂಡಿಕೊಂಡರೆ ಕಬ್ಬಿಣದ ಅಂಶವು ಹೆಚ್ಚಾಗಿ ಹತ್ತುವುದು. ಊಟದೊಡನೆ ಕಾಫಿ, ಟೀ ಕುಡಿದರೆ ಕಡಮೆಯಾಗುವುದು. ಆದುದರಿಂದ ಮಕ್ಕಳಿಗೆ ಇವುಗಳನ್ನು ಅಭ್ಯಾಸ ಮಾಡಿಸಬಾರದು.

4. ಶಾಲೆಯಲ್ಲಿ ಕೊಡುವ ಹುಳುವಿನ ಮಾತ್ರೆಯನ್ನೂ ಕಬ್ಬಿಣಾಂಶದ ಮಾತ್ರೆಯನ್ನೂ ಬೇಡವೆನ್ನದೆ ನುಂಗಿಸುವುದು. ಮಕ್ಕಳಿಗೆ ಪಾದರಕ್ಷೆಯನ್ನು ಹಾಕಿಸುವುದು.

ಮುಖಂಡರಲ್ಲಿ ವಿಶೇಷ ವಿಜ್ಞಾಪನೆಯೇನೆಂದರೆ, ಜಮೀನಿಲ್ಲದವರ ಮಕ್ಕಳೂ ಅದೇ ಶಾಲೆಯಲ್ಲಿ ಓದುತ್ತಿರುವರು. ಅವರಿಗೆ ಬದುವೂ ಇಲ್ಲ, ಹಿತ್ತಿಲೂ ಇಲ್ಲ. ಶಾಲೆಯ ಬೇಲಿಯ ಉದ್ದಕ್ಕೂ ನುಗ್ಗೆಯ ಕೊಂಬೆಗಳನ್ನು ನೆಡಿಸಿ, ದನಕರುಗಳು ಮೇಯದಂತೆ ಮುಳ್ಳು ಕಟ್ಟಿಸಿ, ಮೊದಲ ಬೇಸಗೆಯಲ್ಲಿ ನೀರು ಹೊಯ್ಯುವ ಏರ್ಪಾಡು ಮಾಡಿದರೆ, ಆ ಸೊಪ್ಪು ಶಾಲೆಯ ಅಡಿಗೆಮನೆಗೂ ಒದಗುವುದು. ಇದಕ್ಕೆ ತಗಲುವ ಖರ್ಚು ಅತ್ಯಲ್ಪ. ಬರುವ ಮುಂಗಾರಿಗೆ ಮೊದಲೇ ಊರಿನವರು ಸೇರಿ ಇದನ್ನು ನಿಶ್ಚಯಿಸಬೇಕೆಂದು ಕೋರಲಾಗಿದೆ.